ಮಂದ್ರಧ್ವನಿಯ ಪೆಟ್ಟಿಗೆ: ಅದರ ಜೋಡಣೆ ಮತ್ತು ಹೊಂದಾಣಿಕೆ

ಮನುಷ್ಯನ ಕಿವಿಯು ಸೆಕೆಂಡಿಗೆ ಸುಮಾರು 20ರಿಂದ 20,000 ಕಂಪನಗಳವರೆಗಿನ ಶಬ್ದವನ್ನು ಗ್ರಹಿಸಬಲ್ಲದು. ಪಿಯಾನೊ ವಾದ್ಯದ ಅತ್ಯಂತ ತಗ್ಗಿನ ಸ್ವರದ ಕಂಪನಾಂಕ 27.5 ಹರ್ಟ್ಸ್. ಇಂತಹ ಸ್ವರವನ್ನು ಹೊರಡಿಸಬೇಕಾದರೆ ಬಹಳಷ್ಟು ವಾಯುವನ್ನು ಹಿಂದುಮುಂದಕ್ಕೆ ನೂಕಬೇಕು. ಅಂಗೈಯಗಲದ ಸ್ಪೀಕರಿಗೆ ಅದು ಸಾಧ್ಯವಲ್ಲ. ಆದುದರಿಂದಲೇ ಈ ಕೆಲಸಕ್ಕೆ ಸಬ್‌ವೂಫರ್ ಎಂಬ ಪ್ರತ್ಯೇಕ ಪೆಟ್ಟಿಗೆಯನ್ನು ಬಳಸುವರು. ಅದರ ಒಡಲಿನಲ್ಲಿಯೇ ಆಂಪ್ಲಿಫಯರ್ ಅಡಗಿರುವುದೂ ಉಂಟು. ಅದನ್ನು ಮೂಲೆಗೆ ತಳ್ಳಿ, ಗುಂಡಿಯನ್ನು ಪೂರ್ತಿ ತಿರುಗಿಸಿ, ಹಾಡೆಲ್ಲವೂ ‘ಧಂ ಧಂ’ ಎನ್ನತೊಡಗಿದಾಗ ಯಂತ್ರವನ್ನು ಹಳಿಯುವವರು ಅನೇಕರು. ದೋಷವು ಬಹುಮಟ್ಟಿಗೆ ಯಂತ್ರದ್ದಲ್ಲ, ಹೊಂದಾಣಿಕೆಯದು. ಅದನ್ನು ಸರಿಪಡಿಸಲು ನಾವು ತರಗತಿಯಲ್ಲಿ ಕಲಿತ ತರಂಗಶಾಸ್ತ್ರವೇ ಸಾಕು.

ಮೊದಲು ಎಲ್ಲ ಉಪಕರಣಗಳಿಗೂ ವಿದ್ಯುತ್ತನ್ನು ನಿಲ್ಲಿಸೋಣ. ರಿಸೀವರಿನ ಹಿಂಬದಿಯಲ್ಲಿ ‘ಸಬ್‌ವೂಫರ್ ಔಟ್’ ಎಂಬ ಗುರುತುಳ್ಳ ರಂಧ್ರವಿದ್ದರೆ, ಅಲ್ಲಿಂದ ಪೆಟ್ಟಿಗೆಯ ‘ಎಲ್‌ಎಫ್‌ಇ’ ಅಥವಾ ‘ಲೈನ್ ಇನ್’ ರಂಧ್ರಕ್ಕೆ ಒಂದೇ ಆರ್‌ಸಿಎ ಕೇಬಲ್ ಸಾಕು. ಈ ಕೇಬಲ್ಲನ್ನು ವಿದ್ಯುತ್ ತಂತಿಗಳಿಂದ ದೂರವಿಡಬೇಕು. ನಮ್ಮ ಮನೆಗಳ ವಿದ್ಯುತ್ತು 50 ಹರ್ಟ್ಸಿನದು. ಅದು ಸೇರಿಕೊಂಡರೆ ಸಬ್‌ವೂಫರ್ ಅದನ್ನೂ ‘ಗುಂಯ್’ ಎಂದು ಹಾಡಿ ತೋರಿಸುತ್ತದೆ. ಹೀಗಾದಾಗ ಉಪಕರಣಗಳನ್ನೆಲ್ಲ ಒಂದೇ ಸಾಕೆಟ್ಟಿನ ಸಾಲಿಗೆ ಸೇರಿಸಿ ನೋಡಬೇಕೇ ವಿನಾ ಪ್ಲಗ್ಗಿನ ಭೂಸಂಪರ್ಕದ ಕಡ್ಡಿಯನ್ನು ಎಂದಿಗೂ ತೆಗೆಯಕೂಡದು, ಅದು ಪ್ರಾಣಾಪಾಯಕರ.

ಎರಡನೆಯದು, ಸ್ವರಗಳ ವಿಭಜನೆ. ವಾಯುವಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಇದನ್ನು 80ರಿಂದ ಭಾಗಿಸಿದರೆ 80 ಹರ್ಟ್ಸ್ ಶಬ್ದದ ತರಂಗದೂರ 4.25 ಮೀಟರ್ ಎಂದು ತಿಳಿಯುತ್ತದೆ. ನಮ್ಮ ತಲೆಯ ಅಗಲಕ್ಕಿಂತ ಇದು ಎಷ್ಟೋ ಪಾಲು ಹೆಚ್ಚು. ಆದುದರಿಂದ ಇಷ್ಟು ತಗ್ಗಿನ ಶಬ್ದವು ಯಾವ ದಿಕ್ಕಿನಿಂದ ಬಂದಿತೆಂದು ಗುರುತಿಸುವುದು ಕಿವಿಗೆ ಕಷ್ಟ. 80 ಹರ್ಟ್ಸಿಗಿಂತ ಕೆಳಗಿನ ಸ್ವರಗಳನ್ನು ಸಬ್‌ವೂಫರಿಗೆ ಒಪ್ಪಿಸುವ ರೂಢಿಗೆ ಇದೇ ಆಧಾರ. ಈ ವಿಭಜನೆಯನ್ನು ರಿಸೀವರಿನಲ್ಲಿ ಮಾಡಿದಲ್ಲಿ, ಪೆಟ್ಟಿಗೆಯ ವಿಭಜನೆಯ ಗುಂಡಿಯನ್ನು ಗರಿಷ್ಠಕ್ಕೆ ತಿರುಗಿಸಿಡಬೇಕು. ಎರಡು ಕಡೆಯಲ್ಲಿಯೂ ಸೋಸಿದರೆ ನಡುವಣ ಕೆಲವು ಸ್ವರಗಳು ಕ್ಷೀಣಿಸುತ್ತವೆ.

ಮೂರನೆಯದು, ಸ್ಥಳ. 5 ಮೀಟರ್ ಉದ್ದದ ಕೋಣೆಯಲ್ಲಿ 34 ಹರ್ಟ್ಸಿನ ಶಬ್ದದ ಅರ್ಧ ತರಂಗವು ಗೋಡೆಯಿಂದ ಗೋಡೆಗೆ ಸರಿಯಾಗಿ ಹಿಡಿಸುತ್ತದೆ. ಹೀಗಾಗಿ ಅಲ್ಲಿ ಸ್ಥಾಯಿ ತರಂಗವು ಏರ್ಪಡುತ್ತದೆ. ಗೋಡೆಯ ಬಳಿ ಆ ಸ್ವರವು ಅಬ್ಬರಿಸಿದರೆ ಕೋಣೆಯ ನಡುವೆ ಬಹುಪಾಲು ಅಡಗಿಹೋಗುತ್ತದೆ. ಯೋಗ್ಯ ಸ್ಥಳವನ್ನು ಕಂಡುಹಿಡಿಯಲು ಒಂದು ಸುಲಭೋಪಾಯವಿದೆ. ಪೆಟ್ಟಿಗೆಯನ್ನು ನಾವು ಕುಳಿತು ಕೇಳುವ ಜಾಗದಲ್ಲಿಯೇ ಇಟ್ಟು ಸಂಗೀತವನ್ನು ನುಡಿಸಬೇಕು. ಅನಂತರ ಗೋಡೆಗಳ ಗುಂಟ, ನೆಲದ ಮಟ್ಟಕ್ಕೆ ಕಿವಿಯನ್ನು ತಂದು, ಮಂದ್ರಸ್ವರಗಳೆಲ್ಲವೂ ಸಮನಾಗಿ ಕೇಳಿಸುವ ಎಡೆಯನ್ನು ಹುಡುಕಬೇಕು. ಪೆಟ್ಟಿಗೆಯು ಇರಬೇಕಾದುದು ಅಲ್ಲಿಯೇ. ಶಬ್ದದ ಮೂಲವೂ ಕೇಳುಗನೂ ತಮ್ಮ ಸ್ಥಳಗಳನ್ನು ಅದಲುಬದಲು ಮಾಡಿಕೊಂಡರೂ ಫಲಿತಾಂಶವು ಒಂದೇ ಆಗಿರುವುದರಿಂದ ಈ ಉಪಾಯವು ಫಲಿಸುತ್ತದೆ.

ನಾಲ್ಕನೆಯದು, ತರಂಗಗಳ ಹಂತ. ಸ್ಪೀಕರಿನಿಂದ ಸಂಪೀಡನವು ಬರುವಾಗಲೇ ಸಬ್‌ವೂಫರಿನಿಂದ ವಿರಳನವು ಬಂದರೆ ಒಂದು ಮತ್ತೊಂದನ್ನು ಅಳಿಸುತ್ತದೆ. ಪಠ್ಯಪುಸ್ತಕದ ವ್ಯತಿಕರಣವೆಂದರೆ ಇದೇ! ಪೆಟ್ಟಿಗೆಯ ಹಿಂದಿರುವ ‘0’ ಮತ್ತು ‘180’ ಎಂಬ ಸ್ವಿಚ್ಚನ್ನು ಒಬ್ಬರು ಬದಲಿಸುತ್ತಿರಲಿ. ಕುಳಿತು ಕೇಳುವವರಿಗೆ ಯಾವ ಸ್ಥಾನದಲ್ಲಿ ಮಂದ್ರವು ತುಂಬಿ ಬರುವುದೋ ಅದೇ ಸರಿಯಾದುದು.

ಕಡೆಯದು, ಧ್ವನಿಯ ಪ್ರಮಾಣ. ಗುಂಡಿಯನ್ನು ಕನಿಷ್ಠದಿಂದ ಪ್ರಾರಂಭಿಸಿ ಮೆಲ್ಲನೆ ಏರಿಸಬೇಕು. ಮಂದ್ರಸ್ವರವು ಗೋಡೆಗಳನ್ನು ಸುಲಭವಾಗಿ ದಾಟುವುದರಿಂದ ನೆರೆಮನೆಯವರ ನಿದ್ರೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳತಕ್ಕದ್ದು. ಪೆಟ್ಟಿಗೆ ಇದೆಯೆಂಬುದೇ ಅರಿವಿಗೆ ಬಾರದೆ, ಆರಿಸಿದೊಡನೆ ಏನೋ ಕಳೆದುಹೋಯಿತೆನ್ನಿಸಿದರೆ ಹೊಂದಾಣಿಕೆಯು ಸರಿಯಾಯಿತೆಂದು ತಿಳಿಯಬಹುದು.