ಮೊದಲ ಉಸಿರೇ ಯಾಕೆ ಕಷ್ಟ?

ನಾನು ಕಾಮರ್ಸ್ ಓದುವವಳು. ಎಸ್ಸೆಸ್ಸೆಲ್ಸಿ ಮುಗಿದ ದಿನವೇ ಫಿಸಿಕ್ಸ್‌ಗೆ ಖುದಾ ಹಾಫಿಜ್ ಹೇಳಿಯಾಗಿತ್ತು. ಆದರೆ ನಮ್ಮ ಆಪಾಳ ಮಗುವನ್ನು ಆಸ್ಪತ್ರೆಯಿಂದ ಆರ್.ಟಿ. ನಗರದ ಮನೆಗೆ ಕರೆತರುವ ದಿನ, ಬಾಗಿಲಿಗೆ ಕಟ್ಟಲು ಬಲೂನು ಊದುತ್ತಾ ಕುಳಿತಾಗ ಅದು ಮತ್ತೆ ಎದುರಾಯಿತು. ಮೊದಲ ಎರಡು ಉಸಿರಿಗೆ ಕೆನ್ನೆ ನೋಯುತ್ತದೆ. ಬಲೂನು ಸ್ವಲ್ಪ ಉಬ್ಬಿದ ಮೇಲೆ ಸಲೀಸು. ಯಾಕೆ?

ನೀವೂ ಒಂದು ಪ್ರಯೋಗ ಮಾಡಿ. ಒಂದೇ ಬಗೆಯ ಎರಡು ಬಲೂನುಗಳಲ್ಲಿ ಒಂದನ್ನು ದೊಡ್ಡದಾಗಿ, ಇನ್ನೊಂದನ್ನು ಚಿಕ್ಕದಾಗಿ ಊದಿ. ಒಂದು ಮೆತ್ತನೆಯ ಕೊಳವೆಯನ್ನು ನಡುವೆ ಮಡಚಿ ಹಿಡಿದು, ಅದರ ಎರಡು ತುದಿಗೆ ಇವನ್ನು ಕಟ್ಟಿ, ಆಮೇಲೆ ಮಡಿಕೆ ಬಿಡಿ. ದೊಡ್ಡದರ ಗಾಳಿ ಚಿಕ್ಕದಕ್ಕೆ ಹೋಗಿ ಎರಡೂ ಸಮವಾಗುತ್ತವೆ ಎಂದುಕೊಂಡಿದ್ದೆ. ಆದದ್ದು ಉಲ್ಟಾ! ಚಿಕ್ಕದು ಇನ್ನೂ ಕುಗ್ಗಿತು, ದೊಡ್ಡದು ಇನ್ನೂ ಉಬ್ಬಿತು. ಅಂದರೆ ಚಿಕ್ಕದರೊಳಗೇ ಒತ್ತಡ ಹೆಚ್ಚು.

ಬಲೂನಿನೊಳಗಿನ ಒತ್ತಡವನ್ನು ನಮ್ಮ ಲೆಡ್ಜರಿನಂತೆ ಎರಡು ಬಾಬ್ತಾಗಿ ಬರೆಯಬಹುದು. ಮೊದಲನೆಯದು ಹೊರಗಿನ ಗಾಳಿಯ ಒತ್ತಡ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಇದು ಸುಮಾರು 91 ಕಿಲೋಪಾಸ್ಕಲ್. ಎರಡನೆಯದು ರಬ್ಬರ್ ಬಿಗಿದು ಸೇರಿಸುವ ಕೆಲವೇ ಕಿಲೋಪಾಸ್ಕಲ್. ಭಾರತೀಯ ಖಭೌತ ಸಂಸ್ಥೆಯವರು ಹೊಸಕೋಟೆಯಿಂದ ಹಾರಿಸಿದಂಥ ರಬ್ಬರ್ ಬಲೂನು ಮೇಲೇರಿದಂತೆ ಮೊದಲ ಬಾಬ್ತು ಕರಗುತ್ತದೆ, 30 ಕಿ.ಮೀ. ಎತ್ತರದಲ್ಲಿ ನೂರರಲ್ಲೊಂದು ಪಾಲಿನಷ್ಟೇ ಉಳಿಯುತ್ತದೆ. ಒಳಗಿನ ಅನಿಲ ಹಿಗ್ಗುತ್ತಾ ಹೋಗಿ ಕೊನೆಗೆ ಬಲೂನು ಒಡೆಯುತ್ತದೆ.

ನಮ್ಮ ಕೆನ್ನೆ ನೋಯಿಸುವುದು ಎರಡನೆಯ ಬಾಬ್ತು. ರಬ್ಬರಿನ ಬಿಗಿತದ ಎರಡರಷ್ಟನ್ನು ತ್ರಿಜ್ಯದಿಂದ ಭಾಗಿಸಿದರೆ ಅದು ಸಿಗುತ್ತದೆ. ಮೊದಲು ಬಿಗಿತ ಬೇಗ ಏರುವುದರಿಂದ ಒತ್ತಡವೂ ಏರುತ್ತದೆ. ತ್ರಿಜ್ಯ ಮೊದಲಿದ್ದುದರ ಸುಮಾರು 1.4 ಪಟ್ಟಾದಾಗ ಅದು ತುದಿ ಮುಟ್ಟುತ್ತದೆ. ಆಮೇಲೆ ರಬ್ಬರ್ ತೆಳುವಾಗುತ್ತಾ ಹೋಗಿ ಬಿಗಿತ ಹೆಚ್ಚು ಏರುವುದಿಲ್ಲ, ತ್ರಿಜ್ಯ ಮಾತ್ರ ಬೆಳೆಯುತ್ತಲೇ ಇರುತ್ತದೆ. ಭಾಜಕ ದೊಡ್ಡದಾದರೆ ಭಾಗಲಬ್ಧ ಚಿಕ್ಕದು. ಒಡೆಯುವ ಮುನ್ನ ರಬ್ಬರ್ ಪೂರ್ತಿ ಎಳೆದುಕೊಂಡು ಒತ್ತಡ ಮತ್ತೆ ಏರುತ್ತದೆ.

ನಮ್ಮ ಮಗು 8 ವಾರ ಮೊದಲೇ ಹುಟ್ಟಿತ್ತು. ಶ್ವಾಸಕೋಶದ ಪುಟ್ಟ ಗಾಳಿಗೂಡುಗಳ ಒಳಮೈಯಲ್ಲಿ ತೇವದ ಪದರವಿರುತ್ತದೆ. ಅದರ ಎಳೆತಕ್ಕೂ ಇದೇ ಭಾಗಾಕಾರ. ಗೂಡು ಚಿಕ್ಕದಾದಷ್ಟೂ ತೆರೆಯುವುದು ಕಷ್ಟ. ಆ ಎಳೆತ ತಗ್ಗಿಸುವ ಸರ್ಫ್ಯಾಕ್ಟಂಟ್ ಎಂಬ ವಸ್ತು ಅವಧಿಗೆ ಮುಂಚೆ ಹುಟ್ಟಿದ ಮಕ್ಕಳಲ್ಲಿ ಎಷ್ಟೋ ಸಲ ಸಾಲದು. ಉಸಿರಿಗೆ ಒದ್ದಾಡಿ ಸಾಯುವ ಇಂಥ ಮಕ್ಕಳಲ್ಲಿ ಕೊರತೆ ಇದೇ ಎಂದು 1959ರಲ್ಲಿ ಮೇರಿ ಎಲೆನ್ ಏವರಿ ಮತ್ತು ಜೆರ್ ಮೀಡ್ ತೋರಿಸಿಕೊಟ್ಟರು. ಈಗ ಅದನ್ನು ಕೊಳವೆಯ ಮೂಲಕ ಶ್ವಾಸಕೋಶಕ್ಕೆ ಹಾಕುತ್ತಾರೆ. ನಮ್ಮ ಮಗುವಿಗೂ ಹಾಕಿದರು.

ಅಮ್ಮಿ ದುವಾ ಮಾಡುತ್ತಾ ಕುಳಿತಿದ್ದ ಆ ರಾತ್ರಿ ಡಾಕ್ಟರು, "ತೆರೆಯುವುದೇ ಕಷ್ಟ, ತೆರೆದುಕೊಂಡರೆ ಆಮೇಲೆ ಹಗುರ" ಎಂದಿದ್ದರು. ಸಮಾಧಾನದ ಮಾತು ಅಂದುಕೊಂಡಿದ್ದೆ. ಅದು ಲೆಕ್ಕ ಎಂದು ಬಲೂನು ಊದುವಾಗ ಗೊತ್ತಾಯಿತು.