ಬಿಟ್ಟಿ ಸೇವೆಯ ಬೆಲೆ

ದುಡ್ಡು ಕೊಡದೆ ದೊರೆಯುವ ವಸ್ತುವಿಗೆ ಬೆಲೆಯೇ ಇಲ್ಲವೆಂದು ತಿಳಿಯುವುದು ಲೋಕರೂಢಿ. ಆದರೆ ಅಂತರಜಾಲದ ಸೇವೆಗಳನ್ನು ನಡೆಯಿಸಲು ಯಂತ್ರ, ವಿದ್ಯುತ್ತು, ಕೆಲಸಗಾರರ ಸಂಬಳ ಇವೆಲ್ಲವೂ ಬೇಕು. ನಾವು ದಿನವೂ ಉಪಯೋಗಿಸುವ ಅನೇಕ ಸೇವೆಗಳಲ್ಲಿ ಈ ವೆಚ್ಚವನ್ನು ಭರಿಸುವವರು ಜಾಹೀರಾತುದಾರರು. ಈ ಪದ್ಧತಿಯ ಗುಣದೋಷಗಳನ್ನು ಕೇರಳದ ಎರಡು ನಗರಗಳ ನಿದರ್ಶನಗಳಿಂದ ವಿವೇಚಿಸೋಣ.

ಗುಣಗಳು

ಕೋವಿಡ್ ರೋಗದ ನಿಮಿತ್ತ ಶಾಲೆಗಳು ಮುಚ್ಚಿದ್ದಾಗ, 2020ನೆಯ ಜೂನ್ 1ರಂದು, ತಿರುವನಂತಪುರದ 'ಕೈಟ್' ಎಂಬ ಸರ್ಕಾರಿ ಸಂಸ್ಥೆಯು 'ಫಸ್ಟ್ ಬೆಲ್' ಪಾಠಮಾಲೆಯನ್ನು ಆರಂಭಿಸಿತು. ಪಾಠಗಳು ವಿಕ್ಟರ್ಸ್ ಟೆಲಿವಿಷನ್ ವಾಹಿನಿಯಲ್ಲಿಯೂ ಯೂಟ್ಯೂಬಿನಲ್ಲಿಯೂ ಬಂದುವು. ಮಲಯಾಳವಲ್ಲದೆ ತಮಿಳು ಮತ್ತು ಕನ್ನಡ ಮಾಧ್ಯಮದ ಪಾಠಗಳೂ ಸಿದ್ಧವಾದುವು. ಈ ಪಾಠಗಳನ್ನು ಕಾಸರಗೋಡಿನ ಕನ್ನಡ ಮಕ್ಕಳು ಯೂಟ್ಯೂಬಿನಲ್ಲಿ ಬೇಕಾದಷ್ಟು ಸಲ ನೋಡುವಂತಾಯಿತು. ಮುಖ್ಯವಾಗಿ ಜಾಹೀರಾತಿನ ವರಮಾನದಿಂದಲೇ ನಡೆಯುವ ಯೂಟ್ಯೂಬು ಇದಕ್ಕಾಗಿ ಅವರಿಂದ ಶುಲ್ಕವನ್ನು ಕೇಳಲಿಲ್ಲ. ಶುಲ್ಕವಿದ್ದಿದ್ದರೆ ಬಡವರ ಮಕ್ಕಳು ಹೊರಗುಳಿಯುತ್ತಿದ್ದರು ಎಂಬುದರಲ್ಲಿ ಸಂದೇಹವಿಲ್ಲ. ಇದು ಈ ಪದ್ಧತಿಯ ದೊಡ್ಡ ಗುಣ.

ದೋಷಗಳು

ಕೊಚ್ಚಿಯಲ್ಲಿ 2017ನೆಯ ಜೂನಿನಿಂದ ಮೆಟ್ರೋ ರೈಲು ಓಡುತ್ತಿದೆ. ಅದಕ್ಕೂ ಜಾಹೀರಾತಿನಿಂದ ಆದಾಯವುಂಟು. ಆದರೆ ನಿಲ್ದಾಣದ ಗೋಡೆಯ ಮೇಲಿನ ಜಾಹೀರಾತು ನೋಡುವವರಿಗೆಲ್ಲ ಒಂದೇ. ಅದು ನಮ್ಮನ್ನು ನೋಡುವುದಿಲ್ಲ. ಫೋನಿನ ಜಾಹೀರಾತಾದರೋ ನಾವು ಏನನ್ನು ಹುಡುಕಿದೆವು, ಯಾವುದನ್ನು ಎಷ್ಟು ಹೊತ್ತು ನೋಡಿದೆವು ಎಂಬುದನ್ನು ಅರಿತು ಬರುತ್ತದೆ. 2004ರಲ್ಲಿ ಆರಂಭವಾದ ಜೀಮೇಲು, ಜಾಹೀರಾತುಗಳನ್ನು ಆಯುವುದಕ್ಕಾಗಿ ಜನರ ಪತ್ರಗಳ ಒಕ್ಕಣೆಯನ್ನೇ ಯಂತ್ರದಿಂದ ಪರಿಶೀಲಿಸುತ್ತಿದ್ದಿತು. ಈ ಕ್ರಮವನ್ನು ಕೈಬಿಡುವುದಾಗಿ ಗೂಗಲ್ ಸಂಸ್ಥೆಯು ಪ್ರಕಟಿಸಿದ್ದು 2017ರಲ್ಲಿ.

ಎರಡನೆಯ ದೋಷ ಕಾಲಹರಣ. ನಾವು ಹೆಚ್ಚು ಹೊತ್ತು ನೋಡಿದಷ್ಟೂ ಹೆಚ್ಚು ಜಾಹೀರಾತುಗಳನ್ನು ತೋರಿಸಬಹುದು. ಆದಕಾರಣ ಒಂದು ಪಾಠ ಮುಗಿಯುತ್ತಲೇ ಬೇರೊಂದು ವಿನೋದ ಚಿತ್ರ ಎದುರಿಗೆ ಬಂದು ನಿಲ್ಲುತ್ತದೆ. ಮೂರನೆಯದು, ಜಾಹೀರಾತಿನ ಚಲಚ್ಚಿತ್ರವೂ ಡೇಟಾವನ್ನು ವ್ಯಯಿಸುತ್ತದೆ. ತಂದೆತಾಯಿಗಳು ದುಡ್ಡು ತೆತ್ತು ಹಾಕಿಸಿದ ಡೇಟಾದಲ್ಲಿ ಒಂದಂಶ ಹೀಗೆ ಹೋಗುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಹಿರಿಯರ ಮಾತನ್ನು ಮರೆಯಿಸಿ, ಬೇಡದ ವಸ್ತುವಿನ ಮೇಲೆ ಆಸೆ ಹುಟ್ಟಿಸುವುದು ನಾಲ್ಕನೆಯ ದೋಷ.

ಮಾಡಬೇಕಾದುದೇನು?

ಜಾಹೀರಾತೊಂದೇ ದಾರಿಯಲ್ಲ. ಕನ್ನಡ ವಿಕಿಪೀಡಿಯವು 2003ರಿಂದಲೂ ಜಾಹೀರಾತಿಲ್ಲದೆ, ದಾನದ ಹಣದಿಂದಲೂ ಸ್ವಯಂಸೇವಕರ ದುಡಿಮೆಯಿಂದಲೂ ನಡೆಯುತ್ತಿದೆ. ಕೇರಳ ಸರ್ಕಾರವು 2023ನೆಯ ಜೂನ್ 5ರಂದು ಉದ್ಘಾಟಿಸಿದ 'ಕೆ-ಫೋನ್' ಜಾಲದಲ್ಲಿ ಬಡ ಕುಟುಂಬಗಳಿಗೆ ಉಚಿತ ಸಂಪರ್ಕ ಕೊಡುವ ಯೋಜನೆಯಿದೆ. ಅಲ್ಲಿ ವೆಚ್ಚ ಸಾರ್ವಜನಿಕರದು. ಭಾರತದ 2023ರ ದತ್ತಾಂಶ ರಕ್ಷಣೆಯ ಕಾಯಿದೆಯು 18 ವರ್ಷ ತುಂಬದವರ ಬೆನ್ನುಹತ್ತಿ, ಅವರನ್ನೇ ಗುರಿಯಿಟ್ಟು ಜಾಹೀರಾತು ತೋರಿಸಬಾರದೆಂದು ವಿಧಿಸಿದೆ.

ಕಾಯಿದೆಯೊಂದೇ ಸಾಲದು, ನಮ್ಮ ಎಚ್ಚರವೂ ಬೇಕು. ಪಾಠಕ್ಕಾಗಿ ಫೋನು ಹಿಡಿದರೆ ಪಾಠ ಮುಗಿದೊಡನೆ ಕೆಳಗಿಡೋಣ. ಹೆಸರು, ವಯಸ್ಸು, ವಿಳಾಸಗಳನ್ನು ಕೇಳಿದಲ್ಲೆಲ್ಲ ಬರೆಯದೆ ಹಿರಿಯರನ್ನು ವಿಚಾರಿಸೋಣ. ಯಾವ ಸೇವೆ ಬಿಟ್ಟಿಯಾಗಿ ಬಂದರೂ ಇದರ ವೆಚ್ಚವನ್ನು ಯಾರು ಕೊಡುತ್ತಾರೆ, ಏತಕ್ಕೆ ಕೊಡುತ್ತಾರೆ ಎಂದು ಕೇಳುವ ಅಭ್ಯಾಸವನ್ನು ವಿದ್ಯಾರ್ಥಿಗಳಾದ ನೀವು ಈಗಿನಿಂದಲೇ ಬೆಳೆಸಿಕೊಳ್ಳಬೇಕು.