ಮಣ್ಣು ಮುಚ್ಚುವ ಮುಂಚೆ ನೋಡಿಬಿಡಿ

ಮೊಣಕಾಲು ನೋವಿನ ಅವ್ವನಿಗೆ ಹಿತ್ತಲಿನ ಸಂಡಾಸದವರೆಗೆ ನಡೆಯುವುದು ಕಷ್ಟವಾಯಿತು. ಮಚ್ಛೆಯ ನಮ್ಮ ಮನೆಯಲ್ಲಿ ಅವಳ ಕೋಣೆಗೆ ಹತ್ತಿಯೇ ಕಮೋಡ್ ಕೂಡ್ರಿಸಿದೆವು. ಕಮೋಡ್ ಕೂಡ್ರಿಸುವುದು ಸಣ್ಣ ಕೆಲಸ. ಅಲ್ಲಿಂದ ಸೆಪ್ಟಿಕ್ ಟ್ಯಾಂಕಿನವರೆಗೆ ನಾಲ್ಕಿಂಚಿನ ಪೈಪ್ ಒಯ್ಯುವುದೇ ದೊಡ್ಡದು. ಪ್ಲಂಬರನ ಕೈಗುಣ ತಿಳಿಯುವುದೂ ಅಲ್ಲೇ.

ಮೊದಲು ಬಂದವನು ಕಮೋಡಿನ ಜಾಗದಿಂದಲೇ ಅಗೆಯಲು ನಿಂತ. ಆಮೇಲೆ ಕರೆಸಿದ ಹಿರಿಯರು ಟ್ಯಾಂಕಿನ ಮುಚ್ಚಳ ತೆಗೆಸಿ, ಗಾಳಿಯಾಡಲು ಬಿಟ್ಟು, ಪೈಪ್ ಒಳಸೇರುವ ತೂತಿನ ಎತ್ತರ ಅಳೆದರು. ಲೆಕ್ಕ ಅಲ್ಲಿಂದ ಹಿಂದಕ್ಕೆ ಬಂತು. ನಲವತ್ತು ಅಡಿಗೆ ಒಂದು ಅಡಿ, ಅಂದರೆ ಹತ್ತು ಅಡಿ ಪೈಪಿಗೆ ಮೂರು ಇಂಚು ಢಾಳ. “ಢಾಳ ಸಾಲದಿದ್ರ ಫರ್ಶಿ ಎತ್ತರಸೂಣ್ರಿ, ಪೈಪ್ ಸಪಾಟ ಹಾಕೂದು ಬ್ಯಾಡ” ಎಂದರು. ಆ ಮಾತಿಗೇ ಕೆಲಸ ಅವರಿಗೆ ಒಪ್ಪಿಸಿದೆ.

ಢಾಳವನ್ನು ಕಣ್ಣಳತೆಗೆ ಬಿಡಬಾರದು. ಗೌಂಡಿಗಳ ನೀರಿನ ನಳಿಗೆ ಹಿಡಿದರೆ ಎರಡು ತುದಿಗಳ ವ್ಯತ್ಯಾಸ ಸಿಗುತ್ತದೆ. ದಾರ ಬಿಗಿದರೆ ನಡುವೆ ಪೈಪ್ ಜೋತಿದ್ದರೆ ಕಾಣುತ್ತದೆ. ಜೋತಲ್ಲಿ ನೀರು ನಿಂತು ಹೊಲಸು ತಂಗುತ್ತದೆ. ಖಾನಾಪುರದ ಕಡೆಯ ಮಳೆ ನಮ್ಮಲ್ಲೂ ಜೋರು. ಸಡಿಲ ಮಣ್ಣು ನೆನೆದರೆ ಕುಸಿಯುತ್ತದೆ. ಅದಕ್ಕೇ ತಗ್ಗಿನ ತಳವನ್ನು ಧಮ್ಮಸ್ ಮಾಡಿ, ಉಸುಕು ಹಾಸಿ, ಪೈಪನ್ನು ಉದ್ದಕ್ಕೂ ಅದರ ಮೇಲೆ ಕೂಡ್ರಿಸಬೇಕು.

ಪೈಪಿನ ಮೈಮೇಲಿನ ಅಕ್ಷರಗಳನ್ನೂ ಓದಿ. ಐ.ಎಸ್. 13592ರಲ್ಲಿ ‘ಎ’ ನಮೂನೆ ಗಾಳಿ ಮತ್ತು ಮಳೆನೀರಿಗೆ. ಸಂಡಾಸಕ್ಕೆ ‘ಬಿ’ ನಮೂನೆಯೇ ಬೇಕು. ನೆಲದೊಳಗಿನ ತಿರುವಿಗೆ ಒಂದೇ ಕಾಟಕೋನದ ಬೆಂಡ್ ಹಾಕದೆ 45 ಡಿಗ್ರಿಯ ಎರಡು ಹಾಕಿಸಿದೆವು. ಮುಂದೆ ಕಟ್ಟಿಕೊಂಡರೆ ಕೈಹಾಕಲು ಚೇಂಬರ್ ಕಟ್ಟಿಸಿದೆವು. ಗಾಳಿ ಪೈಪನ್ನು ಮಾಳಿಗೆಯ ಮೇಲಕ್ಕೆ ಒಯ್ದೆವು. ಅದಿಲ್ಲದಿದ್ದರೆ ರಭಸದಿಂದ ಇಳಿಯುವ ನೀರು ಟ್ರ್ಯಾಪಿನಲ್ಲಿ ನಿಂತ ನೀರನ್ನೂ ಎಳೆದೊಯ್ಯಬಹುದು. ಆಗ ವಾಸನೆ ಮನೆಯೊಳಗೆ ಬರುತ್ತದೆ.

ಕೊನೆಗೆ ಪರೀಕ್ಷೆ. ಕೆಳತುದಿಗೆ ಬಿಗಿಯಾಗಿ ಬೆಣೆ ಹಾಕಿ, ಮೇಲಿಂದ ನೀರು ತುಂಬಿಸಿ, ಮಟ್ಟಕ್ಕೆ ಗುರುತು ಹಾಕಿ ಅರ್ಧ ತಾಸು ಬಿಡಿ. ನೀರು ಇಳಿದರೆ ಜಾಯಿಂಟ್ ಸೋರುತ್ತಿದೆ. ಬೆಣೆ ತೆಗೆದು ಬಕೆಟ್ ನೀರು ಸುರಿದು, ಚೇಂಬರಿನಲ್ಲಿ ಅದು ತಡೆಯಿಲ್ಲದೆ ಹರಿಯುವುದನ್ನು ನೋಡಿ. ಅಳತೆ ಟೇಪ್ ಇಟ್ಟು ತೆರೆದ ತಗ್ಗಿನ ಫೋಟೊ ತೆಗೆದಿಟ್ಟುಕೊಳ್ಳಿ. ಮುಂದೆ ಅಗೆಯುವವರಿಗೆ ಅದೇ ನಕಾಶೆ.

ಕೊನೆಯ ಕಂತು ಈ ಪರೀಕ್ಷೆಯ ನಂತರವೇ ಎಂದು ಮೊದಲೇ ಮಾತಾಡಿಕೊಳ್ಳಿ. ಒಳ್ಳೆಯ ಕೆಲಸಗಾರ ಇದಕ್ಕೆ ಬೇಸರಪಡುವುದಿಲ್ಲ. ನಮ್ಮ ಹಿರಿಯರು ನಾವು ಕೇಳುವ ಮೊದಲೇ ನೀರು ತುಂಬಿಸಲು ಹೇಳಿದ್ದರು. ಅಂಥವರು ಸಿಕ್ಕರೆ ಕೂಲಿಯಲ್ಲಿ ಚೌಕಾಸಿ ಮಾಡಬೇಡಿ.